ಮುಳುಗಿದ ದೋಣಿ ತೋರಿಸೋ ಕೆಲಸ

ಅಮ್ಮಾ,

ಚೆನ್ನಾಗಿದ್ದೀನಿ, ಸುಸ್ತಾಗಿದೆ ಅಷ್ಟೇ. ಬೆಳಗ್ಗೆ ಪ್ರವಾಸಿಗರನ್ನ ಜಲಪಾತಕ್ಕೆ ಹತ್ತಿಸ್ತೀನಿ, ಮಧ್ಯಾಹ್ನ ಹವಳ ತೋರಿಸೋಕೆ ಸಮುದ್ರಕ್ಕಿಳಿಸ್ತೀನಿ. ಆದ್ರೆ ಎಲ್ಲರೂ ಮುಗಿಬೀಳೋದು ಅಣ್ಣನ ದೋಣಿ ನೋಡೋಕೆ. ಮುಳುಗಿದ ಜಾಗದಲ್ಲೇ ಇದೆ, ಒಳಗೆಲ್ಲ ಹಳದಿ ಮೀನು. ನೀನು ಬಳಿದ ನೀಲಿ ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ.

"ಇದರಲ್ಲಿ ಯಾರಾದ್ರೂ ಇದ್ರಾ?" ಅಂತ ದಿನಾ ಕೇಳ್ತಾರೆ. ಹಗ್ಗ ಬಿಚ್ಚಿಕೊಂಡು ಬಂದ ಖಾಲಿ ದೋಣಿ ಅಂತೀನಿ.

ಹೊರಗಿಂದ ಬಂದಿರೋ ನಮ್ಮ ಟೂರ್ ಕಂಪನಿಯ ಹೊಸ ಯಜಮಾನರಿಗೆ ನಾನು ಹೀಗನ್ನೋದು ರುಚಿಸ್ತಿಲ್ಲ. ದೋಣಿ ಜೊತೆ ಒಬ್ಬ ಮುಳುಗಿದ್ದು ಅವರಿಗೆ ಯಾರಿಂದಲೋ ಗೊತ್ತಾಗಿದೆ. ಸತ್ತವನ ಫೋಟೋ ಹಾಕಿ ಬೋರ್ಡ್ ಬರೆಸಿದ್ರೆ ಇನ್ನೂ ಜನ ಬರ್ತಾರಂತೆ. ಅವನ ಮನೆ ಯಾವುದು ಅಂತ ವಿಚಾರಿಸ್ತಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ.

ಗೋಡೆ ಮೇಲಿರೋ ಅಣ್ಣನ ಫೋಟೋ ತೆಗೆದು ಬೀರುವಿನಲ್ಲಿಡು. ಅವರು ಬಂದು ಕೇಳಿದ್ರೆ, ನನಗೆ ಒಬ್ಬನೇ ಮಗ ಅಂದುಬಿಡು.

ಇಂತಿ,
ನಿನ್ನ ಚಿಕ್ಕೋನು