ಜೀಪಿನ ಹಗ್ಗ

ಗಸ್ತು ಜೀಪಿನ ತಿಮ್ಮೇಶ್ ಸಾಹೇಬರಿಗೆ ಸಿಂಗಟಗೆರೆಯಿಂದ ನಮಸ್ಕಾರ.

ನಮ್ಮ ಗಬ್ಬದ ಹಸುವನ್ನು ಬಾವಿಯಿಂದ ಎತ್ತಿದಿರಲ್ಲ, ಆ ಹಗ್ಗ ನನ್ನಲ್ಲೇ ಉಳಿಯಿತು. "ಹಿಂದಕ್ಕೆ ಸರಿಯಜ್ಜಿ, ನಿನ್ನೂ ಎತ್ತಬೇಕಾಗ್ತದೆ" ಅಂದಿರಿ. ಇನ್ನೊಂದು ಫೋನು ಬಂದು ನೀವು ಹೊರಡುವಾಗ, ಗಾಬರಿಯಲ್ಲಿ ಅದರಲ್ಲೇ ಹಸು ಕಟ್ಟಿಬಿಟ್ಟಿದ್ದೆ. ಅವತ್ತಿಂದ ಸೈರನ್ ಕೇಳಿದರೆ ಎದೆ ಧಸಕ್ಕನ್ನುತ್ತದೆ. ಹಗ್ಗವಿಲ್ಲದೆ ಹೋದಿರಲ್ಲ, ಯಾರು ಎಲ್ಲಿ ಬಿದ್ದಿದ್ದಾರೋ, ಜೀಪಿನ ಸಾಮಾನು ನೋಡಿ ಮೇಲಿನವರು ನಿಮಗೆ ಬೈದರೋ ಅಂತ.

ತೊಳೆದು ಒಣಗಿಸಿ ಕಡೂರಿನ ಬಸ್ಸಿಗೆ ಕೊಟ್ಟಿದ್ದೇನೆ. ಯಾವುದಕ್ಕೂ ಒಂದು ಸಲ ಎಳೆದು ನೋಡಿ. ಹಸು ಮೊನ್ನೆ ಹೆಣ್ಣುಗರು ಹಾಕಿತು, ಎರಡೂ ಚೆನ್ನಾಗಿವೆ. ಬರೀ ಹಗ್ಗ ಕೊಡಬಾರದೆಂದು ಡಬ್ಬಿಯಲ್ಲಿ ಗಿಣ್ಣು ಇಟ್ಟಿದ್ದೇನೆ, ಕೆಡುವ ಮುಂಚೆ ತಿನ್ನಿ.

ಡಬ್ಬಿ ಕೊಡುವ ನೆಪದಲ್ಲಾದರೂ ಕರು ನೋಡಲು ಬನ್ನಿ. ಸೈರನ್ ಮಾತ್ರ ಹಾಕಬೇಡಿ, ಕರು ಬೆದರುತ್ತದೆ.

ನಿಮ್ಮ ಹಗ್ಗ ಇಟ್ಟುಕೊಂಡಿದ್ದ
ದ್ಯಾಮಮ್ಮ