ಪಟ್ಟಿಯಲ್ಲಿಲ್ಲದ ತುಂಬೆ

ಮುಚ್ಚೂರು ವಿಜಯಪುರ
ಫೆಬ್ರುವರಿ ಮೂವತ್ತೊಂದು, ೨೨೧೪

ಇನ್ನೂರು ವರ್ಷ ಹಿಂದಿನ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಋತುಗಳೇ ತಿಳಿಯದ ಮೇಲೆ ನಾವು ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಕೊಟ್ಟುಬಿಟ್ಟಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಮುಚ್ಚೂರೆಂದರೆ ಗೋಡೆ, ಚಾವಣಿಗಳಿಂದ ಪೂರ್ತಿ ಮುಚ್ಚಿದ ಊರು. ಹೊರಗೆ ಬಿಸಿಲಲ್ಲದೆ ಇನ್ನೇನೂ ಉಳಿದಿಲ್ಲವೆಂದು ಎಂಬತ್ತನಾಲ್ಕು ವರ್ಷಗಳ ಹಿಂದೆ ಬಾಗಿಲು ಹಾಕಿದರು. ನಾನು ನೀಲಾಂಬಿಕೆ, ಒಳಗೇ ಹುಟ್ಟಿದವಳು. ನಮ್ಮಜ್ಜಿ ಸಿದ್ದವ್ವ ಐದು ವರ್ಷದವಳಿದ್ದಾಗ ಒಳಗೆ ಬಂದವಳು. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ.

ಇಲ್ಲಿ ಪ್ರತಿ ಮನೆಗೂ ಹೊರಗೋಡೆಯ ಬುಡದಲ್ಲಿ ಒಂದು ಹೂಪಾತಿ ಇರುತ್ತದೆ. ಬೇರೆ ಬೀಜ ಉಳಿಯದಂತೆ ಮಣ್ಣನ್ನು ಕುದಿಸಿ ಕೊಡುತ್ತಾರೆ, ಬಿಸಿಲಿನ ಬದಲು ದೀಪ. ಕಳೆದ ತಿಂಗಳು ನಮ್ಮ ಚೆಂಡುಹೂಗಳ ನಡುವೆ ನಾನು ಹಾಕದ ಗಿಡವೊಂದು ಎದ್ದಿತು. ಚೌಕನೆಯ ಕಾಂಡ, ಒರಟು ಎಲೆ, ದುಂಡನೆಯ ಗೊಂಚಲಲ್ಲಿ ಪುಟ್ಟ ಬಿಳಿ ಹೂ. ಹೆಸರಿಲ್ಲದ ಗಿಡ ಕಂಡರೆ ಹಸಿರುಕಾವಲಿನವರು, ಅಂದರೆ ಗಿಡಗಳನ್ನು ತಪಾಸಣೆ ಮಾಡುವ ನೌಕರರು, ಅದನ್ನು ಕಿತ್ತು ಸುಟ್ಟು ಮನೆಗೆ ನಲವತ್ತು ದಿನ ಹೊರಗಿನಿಂದ ಬೀಗ ಜಡಿಯುತ್ತಾರೆ. ನಾನು ಅದರ ಮೇಲೆ ಬುಟ್ಟಿ ಕವುಚಿಟ್ಟು ಗಿಡಗಳ ಪುಸ್ತಕವನ್ನೆಲ್ಲ ತಡಕಾಡಿದೆ. ಗುಲಾಬಿಯೇ ಇನ್ನೂರು ಬಗೆ ಇತ್ತು. ಇದು ಮಾತ್ರ ಇರಲಿಲ್ಲ.

ಕೊನೆಗೆ ಒಂದು ಕುಡಿ ಚಿವುಟಿ ಅಜ್ಜಿಯ ಕೈಗಿಟ್ಟೆ. ಅವಳು ಎಲೆ ತಿಕ್ಕಿ ಮೂಸಿದಳು. ಹೂ ಕಿತ್ತು ತುಟಿಗಿಟ್ಟು ಚೀಪಿದಳು.

"ಏ ಹುಚ್ಚಿ, ತುಂಬಿ ಹೂ ಅಲ್ಲೇನ ಇದು! ಬದುವಿನ ಮ್ಯಾಲೆ ಕುಂತು ಹಿಂಗ ಚೀಪತಿದ್ವಿ" ಎಂದು ನಕ್ಕಳು.

ತುಂಬೆಯೆಂದು ಹೆಸರು ಸಿಕ್ಕಿತಲ್ಲ, ಇನ್ನೇನು ಭಯ ಎಂದು ನಾನೇ ಹಸಿರುಕಾವಲಿಗೆ ಹೇಳಿಕಳಿಸಿದೆ. ಗೊಲ್ಲಾಳಪ್ಪನೆಂಬುವನು ಬಂದು ತನ್ನ ಪಟ್ಟಿಯನ್ನು ಎರಡು ಸಲ ನೋಡಿದ.

"ಪಟ್ಟಿಯೊಳಗ ತುಂಬಿ ಇಲ್ರೀ ಅಕ್ಕಾರ. ನನ್ನ ಕೈಯಾಗ ಏನೂ ಇಲ್ಲ."

ಕಿತ್ತಾಗ ಬೇರು ಗೋಡೆಯೊಳಗಿನಿಂದ ಎಳೆದುಕೊಂಡು ಬಂತು. ಅಲ್ಲೊಂದು ಬೆರಳಗಲದ ಬಿರುಕು. ಅವನು ಅವಸರದಿಂದ ಗಾರೆ ಕಲಸತೊಡಗಿದ.

"ಒಂದೀಟು ತಡಿಯೋ ತಮ್ಮಾ" ಎಂದಳು ಅಜ್ಜಿ. ಗೊಲ್ಲಾಳಪ್ಪನೇ ಅವಳ ಕೈಹಿಡಿದು ಕರೆತಂದು ಕೂರಿಸಿದ. ಅಜ್ಜಿ ಬಿರುಕಿಗೆ ಮುಖವಿಟ್ಟು ಹೊರಗಿನ ಗಾಳಿ ಮೂಸಿದಳು.

"ಮಳಿ ಆಗ್ಯಾದ" ಎಂದಳು.

ಅವನು ಮಂಡಿಯೂರಿ ತಾನೂ ಮೂಸಿದ. ಎದ್ದಾಗ ಅವನ ಕಣ್ಣು ತುಂಬಿತ್ತು. "ಇದು ಹೊರಬಿದ್ದರ ನನ್ನ ಬಿಡಂಗಿಲ್ಲ, ಮಕ್ಕಳು ಅದಾವ್ರೀ ನನಗ" ಎಂದವನೇ ಬಿರುಕು ಮೆತ್ತಿ, ಗಿಡ ಸುಟ್ಟು, ಬಾಗಿಲಿಗೆ ಬೀಗ ಹಾಕಿಕೊಂಡು ಹೋದ.

ಇಂದಿಗೆ ಇಪ್ಪತ್ತೆರಡು ದಿನ. ಕಿಟಕಿಯಿಲ್ಲದ ಈ ಎರಡು ಕೋಣೆಗಳಲ್ಲಿ ಅಜ್ಜಿ, ನಾನು ಗಾಳಿ ಸಾಲದೆಂದು ಅಳೆದು ಮಾತಾಡುತ್ತೇವೆ. ನೀವು ಬಿಟ್ಟುಹೋದ ಪುಸ್ತಕಗಳಲ್ಲಿ, ನಮ್ಮವರೆಗೆ ಉಳಿದು ಬಂದವುಗಳಲ್ಲಿ, ಕೊಂಡು ನೆಟ್ಟದ್ದರ ಹೆಸರೆಲ್ಲ ಇದೆ. ತಾನಾಗಿ ಹುಟ್ಟಿದ್ದರ ಹೆಸರಿಲ್ಲ. ನಿಮ್ಮ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ, ಅದಕ್ಕೇ ಇರಬೇಕು. ದಯವಿಟ್ಟು ನಿಮ್ಮ ಪಾತಿಯ ಕಳೆ ಕೀಳುವ ಮೊದಲು ಯಾರನ್ನಾದರೂ ಕೇಳಿ, ಹೆಸರು ಬರೆದಿಡಿ.

ಹೊರಗೆ ಮಳೆಯಾಗಿದೆಯೆಂದು ಇಲ್ಲಿ ಯಾರಿಗೂ ಹೇಳುವಂತಿಲ್ಲ. ಅದಕ್ಕೇ ನಿಮಗೆ ಹೇಳಿದೆ.

ನಿಮ್ಮ ಕುಡಿ,
ನೀಲಾಂಬಿಕೆ