ಹುಲಿಗೆಮ್ಮನ ಹತ್ತಂಕಿ

ಮಸ್ಕಿ ಪೂರ್ವದಂಡೆ,
ಫೆಬ್ರವರಿ ಮೂವತ್ತು, 2226

ಪಟ್ಟಿಯ ವಿನ್ಯಾಸ, ನಿಮ್ಮ ಮಾತಿನಲ್ಲಿ ಡೇಟಾಬೇಸ್ ಡಿಸೈನ್, ಕಲಿಯಲು ಇವತ್ತು ಕಂಪ್ಯೂಟರ್ ಮುಂದೆ ಕೂತಿರುವವರಿಗೆ, ಹಂಪಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ತಿಂಗಳುಗಳ ಉದ್ದವನ್ನು ಸರಿದೂಗಿಸಿ ನೂರು ವರ್ಷ ಕಳೆದಿದೆ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಆದರೆ ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ. ಊರ ಜನರ ಪಟ್ಟಿ ಕಾಯುವ ಪಟ್ಟಿಮನೆಯ ಹಿರಿತನ ವಹಿಸಿಕೊಂಡವರು ಹಿಂದಿನ ಕಾಲದವರಿಗೆ ಒಂದು ಹಿಂದೋಲೆ ಬರೆದು ಕಲ್ಲಿನ ಪೆಟ್ಟಿಗೆಯಲ್ಲಿ ಇಡಬೇಕೆಂಬ ಪದ್ಧತಿ ನಮ್ಮಲ್ಲಿದೆ. ಅದು ನಿಮ್ಮ ಕೈಗೆ ಹೇಗೆ ಸೇರುತ್ತದೋ ನನಗೆ ಗೊತ್ತಿಲ್ಲ. ಸಾಮಾನ್ಯವಾಗಿ ಎಲ್ಲರೂ ಉಪಕಾರ ಸ್ಮರಿಸಿ ಬರೆಯುತ್ತಾರೆ. ನಾನು ಮೂರು ಸಲ ಹಾಗೆ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ.

ನಮ್ಮ ಬದುಕು ಹೇಗಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಹತ್ತಂಕಿ ಇರುತ್ತದೆ, ಅಂದರೆ ಹತ್ತು ಅಂಕಿಗಳ ಒಂದು ಸಂಖ್ಯೆ. ಬೆಳಿಗ್ಗೆ ತೊಟ್ಟಿಯ ಮುಂದೆ ಕೊಡ ಹಿಡಿದು ನಿಂತು ಹತ್ತಂಕಿ ಹೇಳಿದರೆ ನಿಮ್ಮ ಪಾಲಿನ ನೀರು ಬರುತ್ತದೆ. ಮದುವೆಯ ಕರೆಯೋಲೆಯಲ್ಲಿ ಹೆಸರಿನ ಕೆಳಗೆ ಅದನ್ನು ಬರೆಸುತ್ತೇವೆ, ಕೂಸಿನ ತೊಟ್ಟಿಲ ಬಟ್ಟೆಗೆ ಕಸೂತಿ ಹಾಕಿಸುತ್ತೇವೆ. ನೀರು ಇಷ್ಟೇ ಎಂದು ಗೊತ್ತಾದ ಮೇಲೆ ಪಾಲುಗಳೂ ಇಷ್ಟೇ ಎಂದಾಯಿತು, ಹಾಗಾಗಿ ಹೊಸ ಹತ್ತಂಕಿ ಹುಟ್ಟಿಸುವಂತಿಲ್ಲ. ಯಾರಾದರೂ ತೀರಿಕೊಂಡರೆ ಅವರ ಅಂಕಿಯನ್ನು ಅದೇ ಮನೆತನದ ಕೂಸಿಗೆ ಇಳಿಸುತ್ತೇವೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ನಿಮ್ಮ ರೂಢಿಯೇ ಹೀಗೆ ಬೆಳೆದಿದೆ ಅನ್ನಿ. ಕೂಸಿನ ಕಿವಿಯಲ್ಲಿ ಸೋದರತ್ತೆ ಹತ್ತೂ ಅಂಕಿಗಳನ್ನು ಮೆಲ್ಲಗೆ ಹೇಳುತ್ತಾಳೆ, ಮನೆಮಂದಿ ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ಸಜ್ಜೆ, ಬೆಲ್ಲದ ಸಿಹಿ ಮಾಲದಿ ಹಂಚುತ್ತಾರೆ. ಮನೆತನದಲ್ಲಿ ಯಾರೂ ಉಳಿದಿಲ್ಲ ಎಂದು ಪಟ್ಟಿ ಹೇಳಿದರೆ ಮಾತ್ರ ಅಂಕಿ ಹೊರಗಿನವರಿಗೆ ಹೋಗುತ್ತದೆ.

ಈ ಹತ್ತು ಅಂಕಿಗಳು ಎಲ್ಲಿಂದ ಬಂದವು ಎಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗ್ರಹಗತಿ ನೋಡಿ ಕೊಟ್ಟದ್ದು ಎನ್ನುವವರೂ ಇದ್ದಾರೆ. ನನಗೆ ಗೊತ್ತು, ನಿಮಗೂ ಗೊತ್ತಾಗಿರಬೇಕು. ಅದು ನಿಮ್ಮ ಮೊಬೈಲ್ ನಂಬರು. ನಿಮ್ಮ ಕಾಲದ ಯಾರೋ ಒಬ್ಬರು ಒಂದು ಮಧ್ಯಾಹ್ನ ಜನರ ಪಟ್ಟಿ ಕಟ್ಟಲು ಕೂತರು. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ಗುರುತಿಸುವ ಕೀಲಿ ಯಾವುದಿರಲಿ ಎಂಬ ಪ್ರಶ್ನೆ ಬಂತು. ಹೇಗೂ ಎಲ್ಲರ ಹತ್ತಿರ ಫೋನ್ ಇದೆಯಲ್ಲ, ಅದನ್ನೇ ಹಾಕೋಣ ಎಂದುಕೊಂಡು ಊಟಕ್ಕೆ ಎದ್ದುಹೋದರು. ನೀವು ಕಲಿಯುವ ಪುಸ್ತಕದ ಮೊದಲ ಪಾಠದಲ್ಲೇ ಬರೆದಿರುತ್ತದೆ: ಕೀಲಿ ಬದಲಾಗಬಾರದು, ಒಬ್ಬರದು ಇನ್ನೊಬ್ಬರಿಗೆ ಹೋಗಬಾರದು. ನಿಮಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಈಗ ನನ್ನ ವಿಷಯ. 2189ರಲ್ಲಿ ಹೊಳೆ ದಿಕ್ಕು ಬದಲಿಸಿತು. ನಮ್ಮ ಊರು ಎರಡು ದಿನದಲ್ಲಿ ನೀರಿನೊಳಗಾಯಿತು. ನನಗೆ ಐದು ವರ್ಷ, ನನ್ನ ಅಕ್ಕ ದ್ಯಾವಮ್ಮನಿಗೆ ಹನ್ನೊಂದು. ನಮ್ಮವ್ವ ಹುಲಿಗೆಮ್ಮ ದೋಣಿ ಹತ್ತುವಾಗ ಜಾರಿ ಹೋದಳು. ಆ ಗದ್ದಲದಲ್ಲಿ ನಾನು ಪೂರ್ವದಂಡೆಗೆ ಬಂದೆ. ಅಕ್ಕನೂ ನೀರುಪಾಲಾದಳು ಎಂದು ಎಲ್ಲರೂ ಹೇಳಿದರು. ದೂರದ ಸಂಬಂಧದ ಒಬ್ಬ ಚಿಕ್ಕವ್ವ ನನ್ನನ್ನು ಸಾಕಿಕೊಂಡಳು. ಪಟ್ಟಿಯಲ್ಲಿ ತಾಯಿ ಎಂಬುದಕ್ಕೆ ಇದ್ದದ್ದು ಒಂದೇ ಮನೆ, ಅಂದರೆ ಬರೆಯುವ ಒಂದೇ ಚೌಕ. ಅಲ್ಲಿದ್ದ ಅವ್ವನ ಹತ್ತಂಕಿ ಅಳಿಸಿ ಚಿಕ್ಕವ್ವನದನ್ನು ಬರೆದರು. ಹೆತ್ತವಳು ಒಬ್ಬಳು, ಸಾಕಿದವಳು ಇನ್ನೊಬ್ಬಳು ಇರಬಹುದೆಂದು ಪಟ್ಟಿ ಕಟ್ಟಿದವರಿಗೆ ಹೊಳೆದಿರಲಿಲ್ಲ.

ಅಳಿಸಿ ಬರೆದವರು ಶರಭಮ್ಮ ಅಕ್ಕೋರು. ಅಕ್ಕೋರು ಎಂದರೆ ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳು. ಅವರೇ ಪಟ್ಟಿಮನೆಯ ಹಿರಿಯರು, ಅವರೇ ಪಟ್ಟಿಶಾಲೆಯ ಗುರುಗಳು. ಹನ್ನೆರಡನೆಯ ವಯಸ್ಸಿಗೆ ನಾನು ಅವರ ಶಾಲೆ ಸೇರಿದೆ. ಅಂಥ ಗುರು ಎಲ್ಲರಿಗೂ ಸಿಗುವುದಿಲ್ಲ, ಈ ಮಾತನ್ನು ಇವತ್ತೂ ಹೇಳುತ್ತೇನೆ. ಅವರು ಪಾಠವನ್ನು ಅಡುಗೆಮನೆಯಿಂದ ಶುರು ಮಾಡುತ್ತಿದ್ದರು. ಜೋಳದ ಡಬ್ಬಿಗೆ ಕಡಲೆ ಸುರಿದರೆ ಎರಡೂ ಕೆಡುತ್ತವೆ, ಹಾಗೆಯೇ ಜನರಿಗೆ ಒಂದು ಪಟ್ಟಿ, ಮನೆಗಳಿಗೆ ಒಂದು, ದೋಣಿಗಳಿಗೆ ಒಂದು. ಒಂದು ಮನೆಯಲ್ಲಿ ಒಂದೇ ಸಂಗತಿ ಬರೆಯಬೇಕು, ಮೂರು ಮಕ್ಕಳ ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಕಡೆ ತುರುಕಬಾರದು. ಒಂದು ಸಂಗತಿ ಒಂದೇ ಜಾಗದಲ್ಲಿರಬೇಕು, ಎರಡು ಕಡೆ ಬರೆದರೆ ಒಂದು ದಿನ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ. ಒಂದು ಸಾಲು ಇನ್ನೊಂದರ ಕಡೆ ಬೆರಳು ತೋರಿಸಿದರೆ ಆ ಇನ್ನೊಂದು ನಿಜವಾಗಿ ಅಲ್ಲಿರಬೇಕು. ಕೊನೆಯದನ್ನು ಹೇಳುವಾಗ ಅವರು ಬೆರಳು ಚಾಚಿ ನಮ್ಮಲ್ಲಿ ಯಾರನ್ನಾದರೂ ತೋರಿಸುತ್ತಿದ್ದರು, ಅವರು ಎದ್ದು ನಿಂತು ಇದ್ದೇನೆ ಎನ್ನಬೇಕಿತ್ತು. ತಪ್ಪಿದವರನ್ನು ಅವರು ಬೈಯುತ್ತಿರಲಿಲ್ಲ. ಅವರ ಪಾಲಿನ ನೀರಿನಿಂದ ಒಂದು ಲೋಟ ಕೊಟ್ಟು, ಕುಡಿದು ಮತ್ತೆ ನೋಡು ಎನ್ನುತ್ತಿದ್ದರು. ಚಿಕ್ಕವ್ವ ಹೋದ ಮೇಲೆ ನಾನು ಅವರ ಮನೆಯಲ್ಲೇ ಉಣ್ಣುತ್ತಿದ್ದೆ. 2202ರಲ್ಲಿ ಅವರಿಗೆ ಮೊಮ್ಮಗಳು ಹುಟ್ಟಿದಾಗ ಆ ಕೂಸನ್ನು ಸೊಂಟದಿಂದ ಇಳಿಸದೆ ಆಡಿಸಿದವಳು ನಾನೇ. ಅದಕ್ಕೆ ಯಾರದೋ ಅಂಕಿ ಇಳಿಸಿದರು, ಮನೆತನದಲ್ಲಿ ಯಾರೂ ಇಲ್ಲದವರದಂತೆ. ಅವತ್ತು ಮಾಲದಿ ಹಂಚಿದವಳೂ ನಾನೇ.

ಹೊಳೆಯ ಆಚೆ ದಂಡೆಯವರು ಹದಿನಾಲ್ಕು ವರ್ಷ ತಮ್ಮದೇ ಬೇರೆ ಪಟ್ಟಿ ಇಟ್ಟುಕೊಂಡಿದ್ದರು. 2203ರಲ್ಲಿ ಎರಡನ್ನೂ ಕೂಡಿಸಿದರು. ಕೂಡಿಸಿದಾಗ ನಮ್ಮಲ್ಲಿ ಕೆಲವು ಸಾಲುಗಳು ಹುಚ್ಚುಹುಚ್ಚಾಗಿ ಕಂಡವು. ಇಪ್ಪತ್ತೈದು ವರ್ಷದವರು ತಮ್ಮ ತಾಯಿ ಎಂದು ಬೆರಳು ತೋರಿಸುತ್ತಿದ್ದ ಹತ್ತಂಕಿ ಹಾಲು ಕುಡಿಯುವ ಕೂಸಿನದಾಗಿತ್ತು. ಅಂಥವು ಇನ್ನೂರ ಹನ್ನೆರಡು. ತಪಾಸಣೆಗೆ ಎರಡು ವಾರ ಇತ್ತು. ಅಕ್ಕೋರು ಅದನ್ನು ನನಗೆ ಅಭ್ಯಾಸವಾಗಿ ಕೊಟ್ಟರು: ಮಗಳಿಗಿಂತ ಚಿಕ್ಕ ತಾಯಿ ಇರುವ ಸಾಲುಗಳನ್ನು ಹುಡುಕು, ತೆಗೆದುಹಾಕು. ಪಾಠದಲ್ಲಿ ಹೆಸರು ತೋರಿಸುವುದಿಲ್ಲ, ಬರೀ ಅಂಕಿ. ಅವ್ವನ ಹತ್ತಂಕಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಸಿದೆ. ಪಟ್ಟಿ ಕನ್ನಡಿಯ ಹಾಗೆ ಸ್ವಚ್ಛವಾಯಿತು. ತಪಾಸಣೆಯವರು ಮೆಚ್ಚಿ ನನಗೆ ಶಾಲು ಹೊದಿಸಿದರು. ಅಕ್ಕೋರು ತಲೆ ಸವರಿದರು. ಅವರ ಕೈ ತಣ್ಣಗಿತ್ತು ಎಂದು ಈಗ ನೆನಪಾಗುತ್ತದೆ, ಇಲ್ಲವೇ ಈಗ ನಾನೇ ಹಾಗೆ ಕಲ್ಪಿಸಿಕೊಳ್ಳುತ್ತಿದ್ದೇನೋ ಏನೋ.

ಹೋದ ವರ್ಷ ಅಕ್ಕೋರು ಕೆಲಸ ಬಿಟ್ಟರು, ನಾನು ಅವರ ಜಾಗಕ್ಕೆ ಬಂದೆ. ಮೊದಲ ಕೆಲಸವೆಂದು ಪಟ್ಟಿಯನ್ನು ಹೊಸದಾಗಿ ಕಟ್ಟಲು ಕೂತೆ. ಪ್ರತಿ ಮನುಷ್ಯರಿಗೂ ಬೇರಂಕಿ ಎಂಬ ಒಂದು ಕೀಲಿ ಕೊಟ್ಟೆ. ಅದಕ್ಕೆ ಯಾವ ಅರ್ಥವೂ ಇಲ್ಲ, ಅದನ್ನು ಯಾರೂ ಬಾಯಲ್ಲಿ ಹೇಳಬೇಕಿಲ್ಲ, ಸತ್ತ ಮೇಲೂ ಅದು ಅವರದೇ. ಹೆತ್ತವರು ಸಾಕಿದವರು ಎಷ್ಟು ಜನ ಇದ್ದರೂ ಹಿಡಿಸುವಂತೆ ಆಸರೆ ಪಟ್ಟಿ ಎಂದು ಬೇರೆಯೇ ಮಾಡಿದೆ. ಅದರಲ್ಲಿ ಒಂದೊಂದು ನಂಟಿಗೆ ಒಂದೊಂದು ಸಾಲು: ಯಾರು, ಯಾರಿಗೆ, ಹೆತ್ತದ್ದೋ ಸಾಕಿದ್ದೋ, ಎಂದಿನಿಂದ. ಹತ್ತಂಕಿಗೆ ಇನ್ನೊಂದು ಪಟ್ಟಿ: ಯಾವ ಅಂಕಿ ಯಾರ ಹತ್ತಿರ, ಎಂದಿನಿಂದ ಎಂದಿನವರೆಗೆ. ಇದನ್ನು ತುಂಬಲು ಹಳೆಯ ಕಾಗದಗಳನ್ನೆಲ್ಲ ಹರಡಿಕೊಳ್ಳಬೇಕಾಯಿತು. ಏಳನೆಯ ದಿನ ಒಂದು ಅಂಕಿಯ ಎದುರು ಎರಡು ಹೆಸರು ಬಂದವು. 2202ರಿಂದ ಅಕ್ಕೋರ ಮೊಮ್ಮಗಳು. ಅದಕ್ಕೂ ಮೊದಲು ಹುಲಿಗೆಮ್ಮ, ದೋಣಿ ಹತ್ತುವಾಗ ತೀರಿಕೊಂಡವಳು. ನನ್ನ ಸಾಲಿನಿಂದ ಅವಳ ಅಂಕಿ ಅಳಿಸಿದ್ದಕ್ಕೆ ಅವಳ ಮನೆತನದಲ್ಲಿ ಯಾರೂ ಇಲ್ಲ ಎಂದು ನಮ್ಮ ಪಟ್ಟಿ ಹೇಳಿತ್ತು. ಆ ಅಂಕಿಗೆ ಬೆರಳು ತೋರಿಸುತ್ತಿದ್ದ ಒಂದು ಸಾಲು ಅಳಿಸಿಹೋಗಿತ್ತು, ಅದು ದ್ಯಾವಮ್ಮನದು. ಅಳಿಸಿದವರ ಗುರುತಿನ ಜಾಗದಲ್ಲಿ ನನ್ನ ಗುರುತು ಇತ್ತು.

ಅದೇ ಕಪಾಟಿನಲ್ಲಿ ಒಂದು ಕಟ್ಟು ಸಿಕ್ಕಿತು. ಆಚೆ ದಂಡೆಯಿಂದ ಬಂದ ಹದಿನೈದು ಅರ್ಜಿಗಳು, ವರ್ಷಕ್ಕೊಂದು. ಅಕ್ಕ ಬದುಕಿದ್ದಳು. ನನ್ನ ತಂಗಿ ಹಂಪಿ ಐದು ವರ್ಷದವಳು, ಎಡಗೈಯಲ್ಲಿ ಉಣ್ಣುತ್ತಾಳೆ, ನಿಮ್ಮ ದಂಡೆಯಲ್ಲಿದ್ದರೆ ತಿಳಿಸಿ ಎಂದು ಬರೆಸಿದ್ದಳು. ಮರುವರ್ಷ ಆರು ವರ್ಷದವಳು, ಅದರ ಮರುವರ್ಷ ಏಳು, ಹೀಗೆ ನನ್ನ ವಯಸ್ಸನ್ನು ಬಿಡದೆ ಏರಿಸಿಕೊಂಡು ಹೋಗಿದ್ದಳು. ಮೊದಲ ಹದಿನಾಲ್ಕರ ಹಿಂದೆ ಅಕ್ಕೋರ ದುಂಡನೆಯ ಅಕ್ಷರದಲ್ಲಿ ಉತ್ತರದ ನಕಲು: ಹುಡುಕಲಾಗುತ್ತಿದೆ. ಅವುಗಳಲ್ಲಿ ಕೊನೆಯ ಏಳನ್ನು ಬರೆದ ದಿನಗಳಲ್ಲಿ ನಾನು ಅವರ ಎದುರಿನ ಬೆಂಚಿನ ಮೇಲೆ ಎಡಗೈಯಲ್ಲಿ ಪಟ್ಟಿ ಬರೆಯುತ್ತ ಕೂತಿರುತ್ತಿದ್ದೆ. ಹದಿನೈದನೆಯ ಉತ್ತರ ಬೇರೆ ಇತ್ತು. ಅರ್ಜಿದಾರರು ಪಟ್ಟಿಯಲ್ಲಿ ಇಲ್ಲ, ಇಲ್ಲದವರ ಅರ್ಜಿ ಸ್ವೀಕರಿಸಲಾಗುವುದಿಲ್ಲ.

ನಾನು ಆ ಕಟ್ಟನ್ನು ಹಿಡಿದು ಅಕ್ಕೋರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಕಾಗದ ನೋಡಿದ ಕೂಡಲೆ ಮೊರ ಕೆಳಗಿಟ್ಟರು. ನಾನು ಏನೂ ಕೇಳಬೇಕಾಗಲಿಲ್ಲ. ತಾಯಿಯ ಮನೆ ಒಂದೇ ಇಟ್ಟದ್ದು ಅವರೇ ಮಾಡಿದ ವಿನ್ಯಾಸವಂತೆ. ಮೊದಲ ಅರ್ಜಿ ಬಂದಾಗಲೇ ತಪ್ಪು ತಿಳಿದಿತ್ತಂತೆ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ವರ್ಷಗಳು ಹೋದವಂತೆ. ಆಮೇಲೆ ಮೊಮ್ಮಗಳು ಹುಟ್ಟಿದಳು, ಖಾಲಿ ಅಂಕಿ ಬೇರೆ ಯಾವುದೂ ಇರಲಿಲ್ಲ.

"ಮೊದಲು ನಾಚಿಕಿ, ಆಮ್ಯಾಗ ಕೂಸು," ಅಂದರು. "ನಿಮ್ಮಕ್ಕ ಆಚಿ ದಂಡಿ ಮ್ಯಾಲ ಇದ್ಲು ಹಂಪಿ, ನನ್ನ ಮೊಮ್ಮಗಳು ನನ್ನ ತೊಡಿ ಮ್ಯಾಲ ಇದ್ಲು."

ಆ ಅಳಿಸುವ ಕೆಲಸವನ್ನು ನನ್ನ ಕೈಯಿಂದಲೇ ಯಾಕೆ ಮಾಡಿಸಿದಿರಿ ಎಂದು ಕೇಳಿದೆ. ಅವರು ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟರು. ನಾನು ಮುಟ್ಟದೆ ಎದ್ದು ಬಂದೆ. ಆವತ್ತಿನಿಂದ ಆ ಬೀದಿಯಲ್ಲಿ ನಾನು ಹಾಯುವುದಿಲ್ಲ. ಅವರಿಗೆ ಎಂಬತ್ತಾಗಿದೆ. ಸತ್ತರೆ ಮಣ್ಣು ಹಾಕಲು ಹೋಗುತ್ತೇನೋ ಇಲ್ಲವೋ ನನಗೇ ತಿಳಿಯದು. ಹೊಟ್ಟೆಗೆ ಹಾಕಿದವರೇ ಹೀಗೆ ಮಾಡಿದರೆ ಯಾರ ಮೇಲೆ ಹರಿಹಾಯಬೇಕು ಹೇಳಿ.

ಅದಕ್ಕೇ ನಿಮ್ಮ ಮೇಲೆ ಹರಿಹಾಯುತ್ತಿದ್ದೇನೆ. ಅಕ್ಕೋರಿಗೆ ತಪ್ಪು ಮಾಡಲು ಜಾಗ ಮಾಡಿಕೊಟ್ಟವರು ನೀವು. ಅವರು ನಾಚಿಕೆಗೆ ಬಾಯಿ ಮುಚ್ಚಿದರು, ಮೊಮ್ಮಗಳ ಮೇಲಿನ ಜೀವಕ್ಕೆ ಕೈ ಕೊಳೆ ಮಾಡಿಕೊಂಡರು. ನಿಮಗೆ ಯಾವ ಒತ್ತಾಯವಿತ್ತು? ಬೇಸರ ಒಂದೇ. ಅರ್ಥವಿಲ್ಲದ ಒಂದು ಕೀಲಿ ಕೊಡಲು, ಯಾವ ನಂಬರು ಎಂದಿನವರೆಗೆ ಯಾರದು ಎಂಬ ಇನ್ನೊಂದು ಚಿಕ್ಕ ಪಟ್ಟಿ ಕಟ್ಟಲು ನಿಮಗೆ ಒಂದು ಗಂಟೆ ಸಾಕಿತ್ತು. ಆಮೇಲೆ ಸರಿಮಾಡೋಣ ಅಂದಿರಿ. ಆ ಆಮೇಲೆ ಬಂದದ್ದು ನಮ್ಮ ಮನೆಗೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಾಳೆ ನೀವು ಪಟ್ಟಿ ಬರೆಯುವಾಗ ಯಾರದೋ ಸಾಲು ಯಾರ ಕಡೆಗೂ ಅಲ್ಲದೆ ಬೆರಳು ತೋರಿಸಿಕೊಂಡು ನಿಂತಿದ್ದರೆ, ಆ ಸಾಲು ತಪ್ಪು ಎಂದು ತೀರ್ಮಾನಿಸಬೇಡಿ. ಆ ಬೆರಳಿನ ತುದಿಯಲ್ಲಿ ಇರಬೇಕಾಗಿದ್ದವರು ಎಲ್ಲಿ ಹೋದರು ಎಂದು ಹುಡುಕಿ. ಅಳಿಸುವುದು ಬಹಳ ಸಲೀಸು, ನನ್ನನ್ನು ಕೇಳಿ.

ಅಕ್ಕನಿಗೆ ನಾನು ಮೂರು ತಿಂಗಳ ಹಿಂದೆ ಕಾಗದ ಬರೆದೆ. ಸಾಲು ಅಳಿದ ಮೇಲೆ ಅವಳ ನೀರಿನ ಪಾಲೂ ಹೋಗಿತ್ತು. ಯಾರದೋ ಮನೆಯಲ್ಲಿ ರೊಟ್ಟಿ ಬಡಿದುಕೊಂಡು, ಅವರ ಪಾಲಿನಲ್ಲಿ ಕುಡಿದುಕೊಂಡು ಇಪ್ಪತ್ತಮೂರು ವರ್ಷ ಕಳೆದಿದ್ದಾಳೆ. ನಡೆದದ್ದನ್ನೆಲ್ಲ ಬರೆದೆ, ಅಳಿಸಿದವಳು ನಾನೇ ಎಂಬುದನ್ನೂ ಮುಚ್ಚಿಡಲಿಲ್ಲ. ಹೊಸ ಪಟ್ಟಿಯಲ್ಲಿ ನಿನಗೆ ಬೇರಂಕಿ ಕೊಟ್ಟಿದ್ದೇನೆ, ನೀರಿನ ಪಾಲು ಕೊಡಿಸುತ್ತೇನೆ, ಅಕ್ಕಾ ಬಾ ಎಂದು ಕರೆದೆ. ನಿನ್ನೆ ಅಂಬಿಗನ ಕೈಯಲ್ಲಿ ಉತ್ತರ ಬಂತು. ಅವಳು ಹೇಳಿದ್ದನ್ನು ಯಾರೋ ಹಾಗೇ ಬರೆದುಕೊಟ್ಟಿದ್ದಾರೆ:

"ಹದಿನಾಕು ವರ್ಷ ನಾ ಕೇಳ್ದೆ, ಹುಡುಕಾಕತ್ತೀವಿ ಅಂದ್ರಿ. ಆಮ್ಯಾಗ ನಾನ ಇಲ್ಲ ಅಂದ್ರಿ. ಇಲ್ಲದಾಕಿ ಹೆಂಗ ಅಕ್ಕ ಆಗ್ತಾಳವ್ವಾ?"

ಆ ಕಾಗದವನ್ನು ಅರ್ಜಿಗಳ ಕಟ್ಟಿನ ಜೊತೆಗೇ ಇಟ್ಟಿದ್ದೇನೆ. ನೀವು ನನಗೆ ಉತ್ತರ ಬರೆಯಬೇಡಿ, ಬರೆದರೂ ತಲುಪುವುದಿಲ್ಲ. ಎದ್ದುಹೋಗದೆ, ಕೂತಲ್ಲೇ ಕೂತು, ಆ ಕೀಲಿಯನ್ನು ಬದಲಾಯಿಸಿ.

ಹಂಪಮ್ಮ, ಹುಲಿಗೆಮ್ಮನ ಮಗಳು